ಯಾವ ಸ್ಟೇಜು ಅಂತ ಇನ್ನೊಬ್ರು ಕೇಳಿದ್ರೆ ನಾನು ಸುಮ್ನಿರಲ್ಲ

ಇವತ್ತು ಸಂಜೆ ಮತ್ತೊಬ್ರು ಬಂದಿದ್ರು, ಅಣ್ಣನ್ನ ನೋಡ್ಕೊಂಡು ಹೋಗೋಕೆ. ಮಾಸ್ಕು ಗದ್ದದ ಕೆಳಗೆ, ಬಂದವರೇ ಎರಡು ಸಲ ಸೀನಿದ್ರು, ಕೂತು ಬಾಯಿ ತೆಗ್ದಿದ್ದೇ "ಯಾವ ಸ್ಟೇಜಂತೆ?" ಅಣ್ಣ ಗೋಡೆ ಕಡೆ ತಿರುಗಿ ಮಲ್ಕೊಂಡ. ನಾನು ಅವರನ್ನ ನಯವಾಗಿ ಹೊರಗೆ ಕರ್ಕೊಂಡು ಹೋದೆ. ಅತ್ತಿಗೆ ಹೇಳೋದು ತಳ್ಕೊಂಡೇ ಹೋದೆ ಅಂತ.

ಸ್ವಾಮಿ, ಅಣ್ಣನಿಗಿರೋ ಅಕ್ಯೂಟ್ ಲ್ಯುಕೇಮಿಯಾಗೆ, ಅಂದ್ರೆ ಬೇಗ ಬೆಳೆಯೋ ರಕ್ತದ ಕ್ಯಾನ್ಸರ್‌ಗೆ, ಒಂದು ಎರಡು ಮೂರು ನಾಲ್ಕು ಅಂತ ಸ್ಟೇಜೇ ಇಲ್ಲ. ಸ್ಟೇಜ್ ಅನ್ನೋದು ಗಡ್ಡೆ ಎಷ್ಟು ದೊಡ್ಡದಾಗಿದೆ, ಎಲ್ಲೆಲ್ಲಿ ಹರಡಿದೆ ಅನ್ನೋ ಲೆಕ್ಕ. ಇಲ್ಲಿ ಗಡ್ಡೆ ಎಲ್ಲಿಂದ ತರೋಣ? ಕೆಟ್ಟಿರೋದು ಮೂಳೆಯೊಳಗಿನ ಮಜ್ಜೆ, ರಕ್ತ ತಯಾರಾಗೋ ಜಾಗಾನೇ. ಬಲಿಯದ ಬಿಳಿ ಕಣಗಳು, ಡಾಕ್ಟ್ರು ಬ್ಲಾಸ್ಟ್ ಅಂತಾರಲ್ಲ ಅವು, ಅಲ್ಲೆಲ್ಲಾ ತುಂಬ್ಕೊಂಡು ಕೆಂಪು ಕಣಕ್ಕೂ, ರಕ್ತ ಹೆಪ್ಪುಗಟ್ಟಿಸೋ ಪ್ಲೇಟ್ಲೆಟ್‌ಗೂ, ಸೋಂಕು ತಡೆಯೋ ಒಳ್ಳೆ ಬಿಳಿ ಕಣಕ್ಕೂ ಜಾಗ ಇಲ್ಲದ ಹಾಗೆ ಮಾಡ್ತವೆ. ಅದಕ್ಕೇ ಸುಸ್ತು, ಅದಕ್ಕೇ ಹಲ್ಲುಜ್ಜಿದ್ರೆ ರಕ್ತ, ಅದಕ್ಕೇ ಮತ್ತೆ ಮತ್ತೆ ಜ್ವರ. ಕೇಳ್ಲೇಬೇಕು ಅಂದ್ರೆ ಅಕ್ಯೂಟಾ ಇಲ್ಲ ನಿಧಾನಕ್ಕೆ ಬೆಳೆಯೋ ಕ್ರಾನಿಕ್ಕಾ, ಯಾವ ಜಾತಿ ಕಣದಿಂದ ಶುರುವಾಗಿದ್ದು, ಮೈಲಾಯ್ಡಾ ಲಿಂಫಾಯ್ಡಾ ಅಂತ ಕೇಳಿ, ಎಲ್ಲಾ ಒಂದೇ ಅಲ್ಲ. ಕ್ರಾನಿಕ್ ಮೈಲಾಯ್ಡ್‌ಗೆ 2001ರಲ್ಲಿ ಇಮಾಟಿನಿಬ್ ಅನ್ನೋ ಔಷಧಿ ಬಂದ್ಮೇಲೆ ಎಷ್ಟೋ ಜನ ದಿನಾ ಮಾತ್ರೆ ನುಂಗ್ಕೊಂಡು ಕೆಲ್ಸಕ್ಕೆ ಹೋಗ್ತಿದಾರೆ. ಅಣ್ಣಂದು ಅಕ್ಯೂಟ್ ಮೈಲಾಯ್ಡ್. ಕೀಮೋ, ಆಮೇಲೆ ದಾನಿ ಸಿಕ್ರೆ ಮಜ್ಜೆ ಕಸಿ.

"ಪಾಪ, ಕಾಳಜಿಗೆ ಕೇಳ್ತಾರೆ ಬಿಡೋ" ಅಂತಾಳೆ ಅಮ್ಮ. ಎಂಥ ಕಾಳಜಿ! ಸ್ಟೇಜು ಕೇಳೋರ ಹೊಟ್ಟೆಯೊಳಗಿರೋದು ಒಂದೇ ಪ್ರಶ್ನೆ, ಇನ್ನೆಷ್ಟು ದಿನ ಅಂತ. ಕಾಳಜಿ ಇರೋರು ಕೈ ತೊಳ್ಕೊಂಡು ಒಳಗೆ ಬರ್ತಾರೆ. ಬಿಳಿ ಕಣ ಇಷ್ಟು ಇಳಿದಿರುವಾಗ ಜ್ವರ 38 ಡಿಗ್ರಿ ಮುಟ್ಟಿದ್ರೆ ರಾತ್ರಿ ಎರಡು ಗಂಟೆ ಆಗಿದ್ರೂ ಆಸ್ಪತ್ರೆಗೆ ಓಡ್ಬೇಕು, ಓಡೋರು ನಾವು, ಸೀನಿದೋರಲ್ಲ.

ಇರ್ಲಿ, ಇದನ್ನೂ ಹೇಳ್ಬಿಡ್ತೀನಿ. ರಿಪೋರ್ಟ್ ಬಂದ ದಿನ ಡಾಕ್ಟರ ಮುಂದೆ ನಾನು ಮೊದಲು ಕೇಳಿದ್ದೂ ಇದೇ. ಅಣ್ಣ ಪಕ್ಕದ ಕುರ್ಚೀಲೇ ಇದ್ದ. ಆಮೇಲೆ ನಂದು ಎಚ್‌ಎಲ್‌ಎ ಟೆಸ್ಟ್ ಆಯ್ತು, ನನ್ನ ಮಜ್ಜೆ ಅಣ್ಣನಿಗೆ ಹೊಂದುತ್ತಾ ಅಂತ ನೋಡೋದು, ಒಡಹುಟ್ಟಿದ ಒಬ್ಬರದ್ದು ಪೂರ್ತಿ ಹೊಂದೋ ಸಾಧ್ಯತೆ 4ರಲ್ಲಿ 1 ಅಷ್ಟೇ, ಹೊಂದಲಿಲ್ಲ. ಸಿಟ್ಟು ಯಾರ ಮೇಲೋ ಏನೋ.

"ಏನಾದ್ರೂ ಬೇಕಿದ್ರೆ ಹೇಳಿ" ಅಂದು ಮಾಯ ಆಗೋರಿಗೂ ಹೇಳ್ತೀನಿ, ಬೇಕಿರೋದು ಪ್ಲೇಟ್ಲೆಟ್. ಸಾಮಾನ್ಯವಾಗಿ 5 ದಿನಕ್ಕಿಂತ ಜಾಸ್ತಿ ಇಡೋಕಾಗಲ್ಲ, ಅದಕ್ಕೇ ಪದೇ ಪದೇ ಕೇಳೋದು. ಕೊಡೋವಾಗ ಮೆಷಿನ್ನು ಪ್ಲೇಟ್ಲೆಟ್ ಮಾತ್ರ ತಗೊಂಡು ಉಳಿದ ರಕ್ತ ವಾಪಸ್ ಮೈಗೇ ಬಿಡುತ್ತೆ. ನಮ್ಮ ಆಫೀಸಿನ ಹುಡುಗನೊಬ್ಬ, ಮಾತೇ ಆಡೋನಲ್ಲ, "ಶನಿವಾರ ಬೆಳಿಗ್ಗೆ ಫ್ರೀ ಇದೀನಿ, ಎಲ್ಲಿಗೆ ಬರ್ಲಿ" ಅಂತ ಮೆಸೇಜ್ ಹಾಕಿದ, ಬಂದ, ಕೊಟ್ಟು ಹೋದ. ಸ್ಟೇಜು ಕೇಳ್ಲಿಲ್ಲ.

ಅಣ್ಣನ ಪ್ಲೇಟ್ಲೆಟ್ ಕೌಂಟ್ ಇವತ್ತು 11 ಸಾವಿರ, ಇರಬೇಕಾದ್ದು 1.5 ಲಕ್ಷದ ಮೇಲೆ. ನಾಳೆ ಬೆಳಿಗ್ಗೆ ಬರೋಕಾಗೋರು ಇನ್‌ಬಾಕ್ಸ್ ಮಾಡಿ. ನೆಗಡಿ ಇದ್ರೆ ಬೇಡ.