ಬೇಸಿಕ್ಕಿಗೂ ಒಂದು ಕಾಲ ಬಂತು

ನಿಮ್ಮ ಪೇ ಸ್ಲಿಪ್ ಒಮ್ಮೆ ತೆಗೆದು ನೋಡಿ. ಅದೊಂದು ಕೂಡು ಕುಟುಂಬ. ಯಜಮಾನನ ಹೆಸರು ಬೇಸಿಕ್, ಅಂದರೆ ಮೂಲ ವೇತನ. ಹೆಸರಿಗಷ್ಟೇ ಯಜಮಾನ, ಮೈಯಲ್ಲಿ ಬರೀ ಮೂಳೆ ಚಕ್ಕಳ. ಸುತ್ತ ತಿಂದುಂಡು ಬೆಳೆದ ನೆಂಟರು. ಮನೆ ಬಾಡಿಗೆ ಭತ್ಯೆ, ಓಡಾಟದ ಭತ್ಯೆ, ಫೋನ್ ಭತ್ಯೆ. ಕೊನೆಗೆ ಎಲ್ಲರಿಗಿಂತ ದಪ್ಪಗೆ ಕೂತಿರುವ ಸ್ಪೆಷಲ್ ಅಲೋವೆನ್ಸ್. ಅದರಲ್ಲಿ ಏನು ಸ್ಪೆಷಲ್? ಅದನ್ನು ಪಿಎಫ್ ಲೆಕ್ಕದಿಂದ, ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿ ಲೆಕ್ಕದಿಂದ ಹೊರಗಿಡಬಹುದು ಅಂತ ಮಾಲೀಕರು ನಂಬಿದ್ದರು. ಅಷ್ಟೇ ಸ್ಪೆಷಲ್.

2019ರ ಫೆಬ್ರುವರಿಯಲ್ಲೇ ಸುಪ್ರೀಂ ಕೋರ್ಟ್ ಈ ನಂಬಿಕೆಗೆ ಏಟು ಕೊಟ್ಟಿತ್ತು. ಎಲ್ಲರಿಗೂ ಸಾಮಾನ್ಯವಾಗಿ ಕೊಡುವ ಭತ್ಯೆ ಪಿಎಫ್ ಲೆಕ್ಕಕ್ಕೆ ಮೂಲ ವೇತನವೇ ಅಂದಿತ್ತು. ಕೆಲವರು ತೀರ್ಪನ್ನು ಭಕ್ತಿಯಿಂದ ಓದಿ ಭತ್ಯೆಗೆ ಬೇರೆ ನಾಮಕರಣ ಮಾಡಿದರು. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ.

ಈಗ ಕೇಂದ್ರದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಒಂದಾದ ವೇತನ ಸಂಹಿತೆ ಬಂದಿದೆ. ಭತ್ಯೆಗಳೆಲ್ಲ ಸೇರಿ ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದಷ್ಟೂ ವೇತನದ ಲೆಕ್ಕಕ್ಕೆ. ಅಯ್ಯೋ, ಇಷ್ಟು ಅವಸರ ಏನಿತ್ತು ಅಂತ ಕಂಪನಿಗಳು ಎದೆ ಹಿಡಿದುಕೊಂಡಿವೆ. ಅವಸರ ಎಷ್ಟಿತ್ತು ಅಂದರೆ, ಈ ಸಂಹಿತೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದಿದ್ದು 2019ರ ಆಗಸ್ಟ್‌ನಲ್ಲಿ. ಉಳಿದ ಮೂರಕ್ಕೆ 2020ರ ಸೆಪ್ಟೆಂಬರ್‌ನಲ್ಲಿ. 29 ಕಾನೂನು ನುಂಗಿದ ಈ ನಾಲ್ಕೂ ಜಾರಿಯಾಗಿದ್ದು 2025ರ ನವೆಂಬರ್ 21ಕ್ಕೆ. ಅಷ್ಟರಲ್ಲಿ 2019ರಲ್ಲಿ ಕಾಲೇಜು ಸೇರಿದ ಹುಡುಗ ಇಂಜಿನಿಯರಾಗಿ, ಎರಡು ಕಂಪನಿ ಬದಲಿಸಿ, ಮೂರನೆಯದರ ಎಚ್‌ಆರ್ ಬಾಯಲ್ಲಿ 'ನಾವೆಲ್ಲ ಒಂದೇ ಕುಟುಂಬ' ಅಂತ ಕೇಳಿಸಿಕೊಂಡಿರುತ್ತಾನೆ.

ಸರ್ಕಾರವೇನು ಕಮ್ಮಿಯಿಲ್ಲ. ನಿಯಮಗಳು ಅಂತಿಮವಾಗುವ ಮೊದಲೇ ಸಂಹಿತೆ ಜಾರಿಯಾಯಿತು. ಮದುವೆ ಆಗಿಹೋಯಿತು, ಲಗ್ನಪತ್ರಿಕೆ ಮಾತ್ರ ಇನ್ನೂ ಪ್ರೆಸ್ಸಿನಲ್ಲಿತ್ತು.

ಇನ್ನೊಂದು ಸಂಕಟ ಫುಲ್ ಅಂಡ್ ಫೈನಲ್‌ದು. ಕೆಲಸ ಬಿಟ್ಟವನಿಗೂ ತೆಗೆದುಹಾಕಿದವನಿಗೂ ಬಾಕಿ ವೇತನವನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕಂತೆ. ಎರಡೇ ದಿನ! ಪಾಪ, ಹೇಗೆ ಸಾಧ್ಯ? ಈಮೇಲ್ ಮುಚ್ಚಲು ಎರಡು ನಿಮಿಷ ಸಾಕು. ಐಡಿ ಕಾರ್ಡ್ ಕಸಿದುಕೊಳ್ಳಲು ಅದೂ ಬೇಡ. ಆದರೆ ಹಣದ ಲೆಕ್ಕ ಅಂದರೆ ಸುಮ್ನೆ ಆಗುತ್ತದಾ? ಅದು ಮ್ಯಾನೇಜರ್ ಹತ್ತಿರ ಹೋಗಬೇಕು, ಅಲ್ಲಿಂದ ಅಡ್ಮಿನ್, ಅಲ್ಲಿಂದ ಫೈನಾನ್ಸ್. ಫೈನಾನ್ಸ್‌ನವರು ರಜೆಯಲ್ಲಿರಬೇಕು. ವಾಪಸ್ ಕೊಟ್ಟ ಲ್ಯಾಪ್‌ಟಾಪಿನ ಚಾರ್ಜರ್ ಕಾಣೆಯಾಗಬೇಕು. 45 ದಿನದ ಈ ತೀರ್ಥಯಾತ್ರೆಯನ್ನು ಎರಡು ದಿನಕ್ಕೆ ಇಳಿಸಿದರೆ ಪುಣ್ಯ ಎಲ್ಲಿಂದ ಬರಬೇಕು?

ಗ್ರಾಚ್ಯುಟಿಯದು ಇನ್ನೂ ತಮಾಷೆ. ಇಂತಿಷ್ಟೇ ಅವಧಿಗೆ ಅಂತ ಸೇರಿಸಿಕೊಂಡವರಿಗೆ ಒಂದು ವರ್ಷಕ್ಕೇ ಸಿಗುತ್ತದೆ. ಕಾಯಂ ನೌಕರ ಹಳೇ ಐದು ವರ್ಷಕ್ಕೇ ಕಾಯಬೇಕು. ಇಷ್ಟು ದಿನ ಕಾಯಂ ಅಂತ ಬೀಗುತ್ತಿದ್ದವನು ಈಗ ಪಕ್ಕದ ಕುರ್ಚಿಯವನನ್ನು ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದಾನೆ.

ಇಷ್ಟೆಲ್ಲ ಗೊಂದಲದ ನಡುವೆ ಒಂದು ಸಾಲು ಮಾತ್ರ ಮಾಲೀಕರಿಗೆ ಮೊದಲ ಓದಿಗೇ ಅರ್ಥವಾಗಿದೆ. ಕಾರ್ಖಾನೆಯಲ್ಲಿ ಜನರನ್ನು ತೆಗೆಯಲು ಸರ್ಕಾರದ ಅನುಮತಿ ಬೇಕೆಂಬ ಮಿತಿ ಕೇಂದ್ರದ ಹಳೇ ಕಾನೂನಿನಲ್ಲಿ 100 ಕಾರ್ಮಿಕರಿಗಿತ್ತು. ಈಗ 300. ಇದನ್ನು ವಿವರಿಸಲು ವೆಬಿನಾರ್ ಬೇಕಾಗಲಿಲ್ಲ, ವಕೀಲರೂ ಬೇಕಾಗಲಿಲ್ಲ.

ಮೊನ್ನೆ ಗೆಳೆಯನಿಗೆ ಕಂಪನಿಯಿಂದ ಪತ್ರ ಬಂತು. ಬೇಸಿಕ್ ಏರಿದೆ, ಅಭಿನಂದನೆ ಅಂತಿತ್ತು. ಸಿಟಿಸಿ, ಅಂದರೆ ಕಂಪನಿ ಅವನಿಗಾಗಿ ಮಾಡುವ ಒಟ್ಟು ಖರ್ಚು, ಮಾತ್ರ ಇದ್ದಷ್ಟೇ. ಕೆಳಗೆ ನೋಡಿದರೆ ಅವನ ಪಾಲಿನ ಪಿಎಫ್ ಏರಿದೆ. ಮಾಲೀಕರ ಪಾಲೂ ಏರಿದೆ, ಅದೂ ಅವನ ಸಿಟಿಸಿಯಿಂದಲೇ. ಕೈಗೆ ಬರುವುದು ಇಳಿದಿದೆ. ಯಜಮಾನ ಕೊನೆಗೂ ಮೈ ತುಂಬಿಕೊಂಡ ಅಂತ ಅವನಿಗೆ ಸಮಾಧಾನ ಹೇಳಿದೆ.

"ಹೌದಪ್ಪಾ," ಅಂದ, "ನನ್ನ ತಟ್ಟೆಯಿಂದ ತೆಗೆದು ಬಡಿಸಿದ್ದಾರೆ."