ಹಾಡು ಉಳಿಯಬೇಕಾದರೆ ಪಬ್ಬು ಉಳಿಯಬೇಕು

ಇಂಗ್ಲೆಂಡಿನ ಶೆಫೀಲ್ಡ್ ನಗರದ ವಾಯವ್ಯಕ್ಕೆ, ಗುಡ್ಡದ ಮೇಲೆ, ಡಂಗ್‌ವರ್ತ್ ಅಂತ ಒಂದು ಸಣ್ಣ ಹಳ್ಳಿ ಇದೆ. ಸುತ್ತ ಕುರಿ ಮೇಯುವ ಬಯಲು, ಗಾರೆ ಇಲ್ಲದೆ ಕಲ್ಲು ಪೇರಿಸಿದ ಗೋಡೆಗಳು. ಅಲ್ಲಿನ ಪಬ್ಬಿನ ಹೆಸರು ರಾಯಲ್ ಹೋಟೆಲ್. ನವೆಂಬರ್ 11 ಕಳೆದ ಮೇಲೆ ಬರುವ ಭಾನುವಾರದಿಂದ ಹಿಡಿದು ಕ್ರಿಸ್ಮಸ್ ಮರುದಿನದವರೆಗೆ, ಭಾನುವಾರ ಮಧ್ಯಾಹ್ನ ಅಲ್ಲಿ ಜನ ಸೇರಿ ಕ್ಯಾರಲ್, ಅಂದರೆ ಕ್ರಿಸ್ಮಸ್ ಹಾಡು, ಹಾಡುವುದು ವಾಡಿಕೆ. ಹತ್ತಿರದ ವರಲ್ ಹಳ್ಳಿಯ ಬ್ಲೂ ಬಾಲ್ ಪಬ್ಬಿನಲ್ಲೂ ಅಷ್ಟೇ. ಇಂಗ್ಲೆಂಡ್ ಅಂದರೆ ಲಂಡನ್, ಅರಮನೆ, ಕ್ರಿಕೆಟ್ ಅಂತಷ್ಟೇ ಗೊತ್ತಿರುವ ನಮ್ಮವರಿಗೆ ಇದನ್ನು ಹೇಳಲೇಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ಅಲ್ಲಿ ವೇದಿಕೆ ಇಲ್ಲ, ಟಿಕೆಟ್ ಇಲ್ಲ. ಒಂದು ಆರ್ಗನ್ ಇರುತ್ತದೆ. ಜಾಗ ಸಿಗದವರು ಬಾಗಿಲವರೆಗೂ ಒತ್ತಿಕೊಂಡು ನಿಂತಿರುತ್ತಾರೆ. ರೈತರು, ರಿಟೈರ್ ಆದ ಮೇಷ್ಟ್ರುಗಳು, ಕಾಲೇಜು ಹುಡುಗರು, ಮೂರು ತಲೆಮಾರು ಒಟ್ಟಿಗೆ ಬಂದ ಮನೆಗಳವರು. ಆರ್ಗನ್ನಿನ ಮೊದಲ ಎರಡು ಸಾಲು ಕೇಳಿದ ಕೂಡಲೇ ಇಡೀ ಕೋಣೆ ಹಾಡಲು ಶುರುಮಾಡುತ್ತದೆ. ಹಿಂದೆ ನಿಂತ ಗಂಡಸರ ದಪ್ಪ ದನಿ ಬೆನ್ನಿಗೆ ಬಂದು ತಾಕುತ್ತದೆ. ಹೆಂಗಸರು ಮೇಲಿನ ಸ್ವರ ಹಿಡಿದಿರುತ್ತಾರೆ. ನಿಮಗೆ ಹಾಡಲು ಬರುತ್ತದಾ ಅಂತ ಯಾರೂ ಕೇಳುವುದಿಲ್ಲ. ಬಂದಿದ್ದೀರಿ, ಅಂದರೆ ಹಾಡುತ್ತೀರಿ, ಅಷ್ಟೇ. ನನಗೆ ಈ ಪದ್ಧತಿಯಲ್ಲಿ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗಿದ್ದು ಇದು: ಕೇಳುಗರು ಅಂತ ಬೇರೆ ಒಂದು ಗುಂಪೇ ಇಲ್ಲ.

ಈ ಹಳ್ಳಿಗಳವರು ಹಾಡುವ ಕ್ಯಾರಲ್‌ಗಳು ಟೀವಿಯಲ್ಲಿ, ಮಾಲ್‌ಗಳಲ್ಲಿ ಕೇಳಿಬರುವಂಥವಲ್ಲ. ಒಂದು ಉದಾಹರಣೆ ಹೇಳುತ್ತೇನೆ. 'ವೈಲ್ ಶೆಪರ್ಡ್ಸ್ ವಾಚ್ಡ್' ಅನ್ನುವ ಹಾಡು 1700ರಲ್ಲಿ ಅಚ್ಚಾಯಿತು. ಬರೆದವರು ನೇಹಮ್ ಟೇಟ್. ರಾತ್ರಿ ಕುರಿ ಕಾಯುತ್ತಿದ್ದವರಿಗೆ ದೇವದೂತ ಬಂದು ಯೇಸು ಹುಟ್ಟಿದ ಸುದ್ದಿ ಹೇಳುವ ಕಥೆ. ಸಾಲಿಗೆ ಎಂಟು, ಆರು, ಎಂಟು, ಆರು ಅಕ್ಷರಗಳ ಸರಳ ಲೆಕ್ಕ. ಹೀಗಾಗಿ ಆ ಲೆಕ್ಕಕ್ಕೆ ಹೊಂದುವ ಯಾವ ಮಟ್ಟಿನಲ್ಲಾದರೂ ಅದನ್ನು ಹಾಡಬಹುದು. ದಾಸರ ಒಂದೇ ಪದವನ್ನು ಒಂದೊಂದು ಊರಿನ ಭಜನೆಯವರು ಒಂದೊಂದು ಮಟ್ಟಿನಲ್ಲಿ ಹಾಡುವುದಿಲ್ಲವೇ, ಹಾಗೆ. ಶೆಫೀಲ್ಡ್ ಸುತ್ತಮುತ್ತ ಇದೊಂದೇ ಹಾಡಿಗೆ ಅನೇಕ ಮಟ್ಟುಗಳಿವೆ. ಒಂದೇ ಮಧ್ಯಾಹ್ನ ಅದನ್ನೇ ನಾಲ್ಕಾರು ಸಲ ಹಾಡಿದರೂ ಯಾರಿಗೂ ಬೇಜಾರಿಲ್ಲ. ಅದರಲ್ಲಿ ಒಂದು ಮಟ್ಟು ಕ್ರಾನ್‌ಬ್ರುಕ್. ಇದನ್ನು ಕಟ್ಟಿದವರು ಥಾಮಸ್ ಕ್ಲಾರ್ಕ್, ಕ್ಯಾಂಟರ್‌ಬರಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದವರು. ಶೆಫೀಲ್ಡ್ ಇರುವ ಯಾರ್ಕ್‌ಷೈರ್ ಸೀಮೆಯ ನಾಡಗೀತೆಯಂತೇ ಆಗಿಹೋಗಿರುವ 'ಇಲ್ಕ್ಲಿ ಮೂರ್' ಹಾಡು ಆಮೇಲೆ ಹುಟ್ಟಿದ್ದು ಇದೇ ಮಟ್ಟಿನ ಮೇಲೆ. ಕೆಲವು ಮಟ್ಟುಗಳಲ್ಲಿ ಗಂಡಸರು ಒಂದು ಸಾಲು ಎತ್ತಿಕೊಂಡರೆ ಹೆಂಗಸರು ಒಂದು ಹೆಜ್ಜೆ ಹಿಂದೆ ಅದನ್ನೇ ಹಿಡಿಯುತ್ತಾರೆ, ಕೊನೆಗೆ ಎಲ್ಲರೂ ಬಂದು ಕೂಡುತ್ತಾರೆ. ಅದು ಕೂಡುವ ಹೊತ್ತಿಗೆ ಮೈ ಜುಮ್ ಅನ್ನುತ್ತದೆ.

ದೇವರ ಹಾಡು ಪಬ್ಬಿಗೆ ಯಾಕೆ ಬಂತು? ಇದರ ಹಿಂದೆ ಒಂದು ನೋವಿನ ಕಥೆ ಇದೆ. 18ನೇ ಶತಮಾನದಲ್ಲೂ 19ರ ಮೊದಲ ಭಾಗದಲ್ಲೂ ಹಳ್ಳಿಯ ಚರ್ಚುಗಳಲ್ಲಿ ಊರಿನವರದೇ ಬ್ಯಾಂಡ್ ಇರುತ್ತಿತ್ತು. ಪಿಟೀಲು, ಚೆಲ್ಲೋ, ಕ್ಲಾರಿನೆಟ್, ಬಸ್ಸೂನ್. ಚರ್ಚಿನ ಪಶ್ಚಿಮದ ಅಟ್ಟದ ಮೇಲೆ ಕೂತು ನುಡಿಸುತ್ತಿದ್ದರು, ಪಕ್ಕದಲ್ಲೇ ಹಾಡುವವರು. ನೇಕಾರರು, ಬಡಗಿಗಳು, ಕೂಲಿಯವರು. ಕಾದಂಬರಿಕಾರ ಥಾಮಸ್ ಹಾರ್ಡಿಯ ತಂದೆ, ತಾತ ಇಬ್ಬರೂ ಡಾರ್ಸೆಟ್‌ನ ಸ್ಟಿನ್ಸ್‌ಫರ್ಡ್ ಚರ್ಚಿನಲ್ಲಿ ಹೀಗೇ ನುಡಿಸುತ್ತಿದ್ದರು. 19ನೇ ಶತಮಾನದ ನಡುವಿಗೆ ಚರ್ಚನ್ನು ಸುಧಾರಿಸಲು ಹೊರಟ ಪಾದ್ರಿಗಳಿಗೆ ಇದೆಲ್ಲ ಒರಟು ಅನ್ನಿಸಿತು. ಬ್ಯಾಂಡಿನ ಜಾಗಕ್ಕೆ ಆರ್ಗನ್, ಹಾರ್ಮೋನಿಯಂ ಬಂದವು. ಬಿಳಿ ನಿಲುವಂಗಿ ತೊಟ್ಟ ಹುಡುಗರ ತಂಡ ಬಂತು. 1861ರಲ್ಲಿ ಹೊಸ ಸ್ತೋತ್ರಗಳ ಪುಸ್ತಕ ಅಚ್ಚಾಗಿ ಊರೂರಿಗೆ ಹೋಯಿತು. ಹಳೆಯ ಮಟ್ಟುಗಳಿಗೆ ಚರ್ಚಿನಲ್ಲಿ ಜಾಗ ಇಲ್ಲದಂತಾಯಿತು. ಎಷ್ಟೋ ಕಡೆ ಅವು ಸತ್ತೇ ಹೋದವು. ಶೆಫೀಲ್ಡ್ ಕಡೆಯ ಹಳ್ಳಿಗಳವರು ಮಾತ್ರ ಅವನ್ನು ಎತ್ತಿಕೊಂಡು ಪಬ್ಬಿಗೆ ಬಂದರು, ಚಳಿಗಾಲದಲ್ಲಿ ಮನೆ ಮನೆಗೂ ಹೋಗಿ ಹಾಡಿದರು.

ಹಳೆಯದನ್ನು ಮಾತ್ರ ಕಾಪಾಡಿದರು ಅಂದುಕೊಳ್ಳಬೇಡಿ. ಸ್ಟ್ಯಾನಿಂಗ್ಟನ್, ಮಾಲಿನ್ ಬ್ರಿಜ್ ಅಂತ ಊರಿನ ಹೆಸರೇ ಇರುವ ಕ್ಯಾರಲ್‌ಗಳಿವೆ. ಸ್ಟ್ಯಾನಿಂಗ್ಟನ್ನಿನ ಮಟ್ಟು ಕಟ್ಟಿದ್ದು 20ನೇ ಶತಮಾನದಲ್ಲಿ, ಆ ಕಡೆಯ ಮಹಿಳೆಯೊಬ್ಬರು. ಈಗ ಅದು ಇನ್ನೂರು ವರ್ಷದ ಹಾಡುಗಳ ಪಕ್ಕ ಸಲೀಸಾಗಿ ಕೂತಿದೆ. ಇಯಾನ್ ರಸೆಲ್ ಅನ್ನುವ ಜನಪದ ವಿದ್ವಾಂಸರು ಐವತ್ತು ವರ್ಷಕ್ಕೂ ಹಿಂದೆಯೇ ಈ ಪಬ್ಬುಗಳಲ್ಲಿ ರೆಕಾರ್ಡ್ ಮಾಡಲು ಶುರುಮಾಡಿದವರು. ಅವರು ಹಾಡನ್ನು ಕೊಂಡೊಯ್ದು ಬೀರುವಿನಲ್ಲಿ ಇಡಲಿಲ್ಲ. ಪುಸ್ತಕ ಮಾಡಿ ಹಾಡುವವರ ಕೈಗೇ ವಾಪಸ್ ಕೊಟ್ಟರು. ಇದು ದೊಡ್ಡ ಕೆಲಸ.

ದೊಡ್ಡ ಕೆಲಸ ಅಂದೆ, ಯಾಕೆಂದರೆ ಇಂಗ್ಲೆಂಡಿನಲ್ಲಿ ಹಾಡು ಸಂಗ್ರಹಿಸಿದವರೆಲ್ಲ ಹೀಗೆ ಮಾಡಲಿಲ್ಲ. ಎಲ್ಲರೂ ಹೆಸರು ಹೇಳುವ ಸೆಸಿಲ್ ಶಾರ್ಪ್ ಅವರನ್ನೇ ತೆಗೆದುಕೊಳ್ಳಿ. 1903ರಲ್ಲಿ ಸಾಮರ್ಸೆಟ್‌ನ ಹ್ಯಾಂಬ್ರಿಜ್ ಎಂಬ ಹಳ್ಳಿಯಲ್ಲಿ ಪಾದ್ರಿ ಗೆಳೆಯನ ಮನೆಗೆ ಬಂದಿದ್ದಾಗ, ಜಾನ್ ಇಂಗ್ಲೆಂಡ್ ಎಂಬ ತೋಟದ ಮಾಲಿ ಹಾಡಿದ್ದನ್ನು ಕೇಳಿ ಬರೆದುಕೊಂಡರು. ಅಲ್ಲಿಂದ ಸಾವಿರಾರು ಹಾಡು ಸೇರಿಸಿದರು. ಅವರ ಶ್ರಮದ ಬಗ್ಗೆ ನನಗೆ ತುಂಬಾ ಗೌರವವಿದೆ. ಅದೇ ಸೀಮೆಯ ಲೂಯಿ ಹೂಪರ್, ಲೂಸಿ ವೈಟ್ ಎಂಬ ಅಕ್ಕತಂಗಿಯರಿಂದ ಅವರು ಬರೆದುಕೊಂಡ ಹಾಡುಗಳು ಇವತ್ತು ಇಲ್ಲದೇ ಹೋಗುತ್ತಿದ್ದವೋ ಏನೋ. ಆದರೆ ಅಚ್ಚಾಗುವಾಗ ಹಾಡಿಗೆ ಪಿಯಾನೋ ಸೇರಿತು, ಶೃಂಗಾರದ ಮಾತುಗಳು ಸೋಸಿಹೋದವು, ಶಾಲೆಯ ಮಕ್ಕಳು ಬಾಯಿಪಾಠ ಮಾಡುವ ಪಾಠವಾಯಿತು. ಹೊಲದಿಂದ ಬಂದವರು ಸಂಜೆ ಕೂತು ಹಾಡುವ ಜಾಗದ ಬಗ್ಗೆ ಮಾತ್ರ ಹೆಚ್ಚು ಜನ ತಲೆಕೆಡಿಸಿಕೊಳ್ಳಲಿಲ್ಲ. ನನ್ನ ತಕರಾರು ಇರುವುದು ಅಲ್ಲೇ.

ಸಸೆಕ್ಸ್‌ನ ರಾಟಿಂಗ್‌ಡೀನ್ ಹಳ್ಳಿಯ ಕಾಪರ್ ಮನೆತನವನ್ನು ನೋಡಿ. 1898ರಲ್ಲಿ ಹಾಡು ಸಂಗ್ರಹಿಸುತ್ತಿದ್ದ ಕೇಟ್ ಲೀ ಎಂಬಾಕೆ ಜೇಮ್ಸ್ ಮತ್ತು ಟಾಮ್ ಕಾಪರ್ ಅಣ್ಣತಮ್ಮಂದಿರನ್ನು ಕೂರಿಸಿಕೊಂಡು ಹಾಡಿಸಿದರು. ಒಬ್ಬರು ಜಮೀನಿನ ಮೇಲ್ವಿಚಾರಕರು, ಇನ್ನೊಬ್ಬರು ಊರಿನ ಪಬ್ಬು ನಡೆಸುವವರು. ಮೇಜಿನ ಮೇಲೆ ವಿಸ್ಕಿ ಇತ್ತಂತೆ. ವಾದ್ಯ ಇಲ್ಲದೆ, ಇಬ್ಬರೂ ಬೇರೆ ಬೇರೆ ಸ್ವರ ಹಿಡಿದು ಹಾಡುವ ರೀತಿ ಅವರದು. 1936ರಲ್ಲಿ ಜೇಮ್ಸ್ ಅವರ ಮಗ ಜಿಮ್ ಮನೆಯ ಹಾಡುಗಳನ್ನೆಲ್ಲ ಒಂದು ಪುಸ್ತಕದಲ್ಲಿ ಕೈಯಲ್ಲಿ ಬರೆದಿಟ್ಟರು. ಜಿಮ್ ಅವರ ಮಗ ಬಾಬ್ 2004ರಲ್ಲಿ ತೀರಿಕೊಳ್ಳುವವರೆಗೂ ಹಾಡಿದರು. ಅವರ ಮಕ್ಕಳು, ಮೊಮ್ಮಕ್ಕಳು ಹಾಡು ಮುಂದುವರಿಸಿದರು. ಆ ಪುಸ್ತಕ ಉಳಿದಿದ್ದಕ್ಕೆ ಅರ್ಥ ಬಂದಿದ್ದು ಮನೆಯವರು ಕೂತು ಹಾಡುವುದನ್ನು ಬಿಡದೇ ಇದ್ದಿದ್ದರಿಂದ.

ಜಾಗದಷ್ಟೇ ಮುಖ್ಯ ಇನ್ನೊಂದಿದೆ, ತಾರೀಖು. ಸಾಮರ್ಸೆಟ್‌ನ ಕಾರ್‌ಹ್ಯಾಂಪ್ಟನ್‌ನಲ್ಲಿ ಜನವರಿ 17ರ ರಾತ್ರಿ ಸೇಬಿನ ಮರಗಳಿಗೆ ಹಾಡು ಹೇಳುತ್ತಾರೆ. ಇದಕ್ಕೆ ವಾಸೇಲ್ ಅಂತ ಹೆಸರು. ಸೈಡರ್, ಅಂದರೆ ಸೇಬಿನ ಹೆಂಡದಲ್ಲಿ ನೆನೆಸಿದ ಬ್ರೆಡ್ಡನ್ನು ಕೊಂಬೆಗೆ ಸಿಕ್ಕಿಸುತ್ತಾರೆ, ಬೇರಿಗೆ ಸೈಡರ್ ಸುರಿಯುತ್ತಾರೆ, ಕೆಟ್ಟದ್ದು ಓಡಿಹೋಗಲಿ ಅಂತ ಬಂದೂಕು ಹಾರಿಸುತ್ತಾರೆ. 17ನೇ ತಾರೀಖೇ ಯಾಕೆ ಗೊತ್ತಾ? 1752ರಲ್ಲಿ ಬ್ರಿಟನ್ ಹೊಸ ಕ್ಯಾಲೆಂಡರ್‌ಗೆ ಬದಲಾದಾಗ 11 ದಿನ ಕೈಬಿಟ್ಟರು. ಕ್ರಿಸ್ಮಸ್ ಕಾಲ ಮುಗಿಯುವ ಜನವರಿ 6ಕ್ಕೆ ಆ 11 ದಿನ ಸೇರಿಸಿ ನೋಡಿ. ಸರ್ಕಾರ ಕ್ಯಾಲೆಂಡರ್ ಬದಲಿಸಿದರೂ ಹಳೆಯ ದಿನವನ್ನೇ ಹಿಡಿದುಕೊಂಡಿದ್ದಾರೆ. ಇದನ್ನು ಹಠ ಅಂತ ಕರೆದರೂ ಸರಿ, ನನಗೆ ಆ ಹಠ ಇಷ್ಟ.

ಹಾಗಂತ ಏನನ್ನೂ ಮುಟ್ಟಬಾರದು ಅನ್ನುವವಳಲ್ಲ ನಾನು. ಮಾರಿಸ್ ಅನ್ನುವ ಇಂಗ್ಲಿಷ್ ಜನಪದ ಕುಣಿತದ ಕೆಲವು ತಂಡಗಳಲ್ಲಿ ಮುಖಕ್ಕೆ ಪೂರ್ತಿ ಕಪ್ಪು ಬಳಿದುಕೊಳ್ಳುವ ರೂಢಿ ಇತ್ತು. 2020ರಲ್ಲಿ ಮಾರಿಸ್ ತಂಡಗಳ ಮೂರು ಒಕ್ಕೂಟಗಳೂ ಸೇರಿ ಅದು ನಿಲ್ಲಬೇಕು ಅಂತ ಹೇಳಿದವು. ಸಂಪ್ರದಾಯ ಹಾಳಾಯಿತು ಅಂತ ಕೆಲವರು ಕೂಗಾಡಿದರು. ನನಗೆ ಅದು ಸರಿಯಾದ ತೀರ್ಮಾನ. ನನ್ನಂಥ ಬಣ್ಣದವಳು ಆ ಕುಣಿತದ ಮುಂದೆ ನಿಂತು ಮನಸ್ಸು ಬಿಚ್ಚಿ ಚಪ್ಪಾಳೆ ತಟ್ಟಬೇಕಾದರೆ ಅದು ಹೋಗಲೇಬೇಕಿತ್ತು. ನೀಲಿ, ಹಸಿರು ಬಣ್ಣ ಬಳಿದುಕೊಂಡು ಕುಣಿಯುವ ತಂಡಗಳಿವೆ. ಗೆಜ್ಜೆ, ಕೋಲು, ಕುಣಿತ ಯಾವುದೂ ಕಮ್ಮಿಯಾಗಿಲ್ಲ.

ನನಗೆ ಭಯ ಇರುವುದು ಬೇರೆ ವಿಷಯದಲ್ಲಿ. ಹಳ್ಳಿಯ ಪಬ್ಬುಗಳು ಮುಚ್ಚುತ್ತಿವೆ. ಬಾಡಿಗೆ, ಕರೆಂಟ್ ಬಿಲ್ಲು, ತೆರಿಗೆ, ಮನೆಯಲ್ಲೇ ಕುಡಿಯುವ ಅಭ್ಯಾಸ, ಕಾರಣ ಹಲವು. ಮುಚ್ಚಿದ ಪಬ್ಬು ಮನೆಯಾಗಿಬಿಟ್ಟರೆ ಊರಿಗೆ ಕೂಡಿ ಹಾಡುವ ಕೋಣೆ ಉಳಿಯುವುದಿಲ್ಲ. ಕಾನೂನೂ ಒಂದು ಕಾಲಕ್ಕೆ ಕಾಟ ಕೊಟ್ಟಿತ್ತು. ಮೊದಲು ಒಬ್ಬಿಬ್ಬರು ಪಬ್ಬಿನಲ್ಲಿ ಹಾಡಿ ನುಡಿಸಲು ಪ್ರತ್ಯೇಕ ಪರವಾನಗಿ ಬೇಕಿರಲಿಲ್ಲ. 2003ರ ಲೈಸೆನ್ಸಿಂಗ್ ಕಾಯ್ದೆ ಆ ವಿನಾಯಿತಿ ತೆಗೆದುಹಾಕಿತು. ಮಾರಿಸ್ ಕುಣಿತದಂಥ ಕೆಲವಕ್ಕೆ ರಿಯಾಯಿತಿ ಇತ್ತು. ಜನ ವರ್ಷಗಟ್ಟಲೆ ಜಗ್ಗಾಡಿದ ಮೇಲೆ 2012ರ ಲೈವ್ ಮ್ಯೂಸಿಕ್ ಕಾಯ್ದೆ ಬಂತು. ಮದ್ಯದ ಪರವಾನಗಿ ಇರುವ ಪಬ್ಬಿನಲ್ಲಿ ಮೈಕ್ ಇಲ್ಲದ ಹಾಡಿಗೆ ಬೆಳಗ್ಗೆ 8ರಿಂದ ರಾತ್ರಿ 11ರವರೆಗೆ ಬೇರೆ ಅನುಮತಿ ಬೇಡವಾಯಿತು. ಹಾಡುವುದಕ್ಕೆ ಇಷ್ಟು ಹೋರಾಟ ಬೇಕಾಯಿತಲ್ಲ ಅಂತ ಬೇಸರವಾಗುತ್ತದೆ. 2020ರ ಚಳಿಗಾಲದಲ್ಲಿ ಕೋವಿಡ್‌ನಿಂದ ಶೆಫೀಲ್ಡ್ ಕಡೆಯ ಪಬ್ಬುಗಳಿಗೆ ಬೀಗ ಬಿದ್ದಾಗ, ಕೋಣೆ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಾಯಿತು. ಕಂಪ್ಯೂಟರ್ ಮುಂದೆ ಒಬ್ಬೊಬ್ಬರೇ ಕೂತು ಹಾಡಿದರೆ ಆ ಬೆನ್ನಿಗೆ ತಾಕುವ ದನಿ ಎಲ್ಲಿಂದ ಬರಬೇಕು?

ಜನಪದಕ್ಕೆ ಅಂತ ಮೀಸಲಿಡುವ ಹಣ ಮೊದಲು ಇಂಥ ಪಬ್ಬುಗಳಿಗೆ ಹೋಗಬೇಕು ಅನ್ನುತ್ತೇನೆ ನಾನು. ಉತ್ಸವಗಳಿಗೆ, ದೊಡ್ಡ ವೇದಿಕೆಗಳಿಗೆ ಆಮೇಲೆ ಕೊಡಲಿ. ಊರಿನವರೇ ಷೇರು ಹಾಕಿ ಪಬ್ಬು ಕೊಂಡು ನಡೆಸುವ ಪದ್ಧತಿ ಇಂಗ್ಲೆಂಡಿನಲ್ಲಿ ಈಗಾಗಲೇ ಇದೆ. ಹಾಡುವ ಪಬ್ಬು ಮಾರಾಟಕ್ಕೆ ಬಂದರೆ ಆ ದಾರಿಗೆ ಸರ್ಕಾರ ಕೈಜೋಡಿಸಬೇಕು.

ಬ್ರಿಟನ್‌ನಲ್ಲಿರುವ ಕನ್ನಡದ ಗೆಳೆಯರಿಗೆ ಒಂದು ಮಾತು. ಈ ನವೆಂಬರ್‌ನಲ್ಲಿ ಶೆಫೀಲ್ಡ್ ಕಡೆ ಬನ್ನಿ. ಹೊರಡುವ ಮೊದಲು ಯಾವ ಪಬ್ಬಿನಲ್ಲಿ ಯಾವ ಹೊತ್ತಿಗೆ ಹಾಡು ಅಂತ ಫೋನ್ ಮಾಡಿ ಕೇಳಿಕೊಳ್ಳಿ. ಸಾಮಾನ್ಯವಾಗಿ ಮಧ್ಯಾಹ್ನ 12ರ ಹೊತ್ತಿಗೆ ಶುರು, ಅದಕ್ಕಿಂತ ಬೇಗ ಹೋಗದಿದ್ದರೆ ಒಳಗೆ ಕಾಲಿಡಲು ಜಾಗ ಇರುವುದಿಲ್ಲ. ಹೆಂಡ ಕುಡಿಯದವರು ನಿಂಬೆ ಸೋಡಾ ತಗೊಳ್ಳಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಏನಾದರೂ ಖರೀದಿ ಮಾತ್ರ ಮಾಡಿ, ಪಬ್ಬು ನಡೆಯುವುದು ಅದರಿಂದಲೇ. ಮಕ್ಕಳನ್ನೂ ಕರೆತನ್ನಿ. ಫೋನ್ ಎತ್ತಿ ವಿಡಿಯೋ ಮಾಡುತ್ತಾ ನಿಲ್ಲಬೇಡಿ. ಪಕ್ಕದವರ ಪುಸ್ತಕದಲ್ಲಿ ಇಣುಕಿ ನೋಡಿಕೊಂಡು ಹಾಡಿ.