ಸಂಬಡಿ ಅವ್ರಿಗೆ ಫೋನ್ ಕೊಡ್ರಿ

ನಮ್ಮ ಆಫೀಸಿನಲ್ಲಿ ಯಾವ ಕೆಲಸ ಯಾರದು ಎಂಬುದು ಬಹುಕಾಲ ದನಿಯ ಮೇಲೆ ನಿರ್ಧಾರವಾಗುತ್ತಿತ್ತು. ದೊಡ್ಡ ದನಿಯವರು ಹೇಳುತ್ತಿದ್ದರು, ಸಣ್ಣ ದನಿಯವರು ಮಾಡುತ್ತಿದ್ದರು, ನಡುವಿನ ದನಿಯವರು ಚಹಾಕ್ಕೆ ಹೋಗುತ್ತಿದ್ದರು. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಒಂದು ಮನೆಯ ಮೇಲಂತಸ್ತಿನಲ್ಲಿ ಕೂತು ನಾವು ಮಾಡುವುದು ದಲಾಲಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್. ಅಮರಗೋಳದ ಎಪಿಎಂಸಿಯಿಂದ ಹಿಡಿದು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ತನಕ ಗಿರಾಕಿಗಳಿದ್ದಾರೆ. ಚೀಲ, ತೂಕ, ದರ, ಹಮಾಲಿ, ದಲಾಲಿ ಎಲ್ಲ ಸೇರಿದರೆ ಒಂದು ಬಿಲ್. ಅದರಲ್ಲಿ ಒಂದು ರೂಪಾಯಿ ಅತ್ತಿತ್ತ ಆದರೂ ಫೋನ್ ಬಂತೆಂದೇ ಲೆಕ್ಕ.

ಬಂದ ಫೋನುಗಳೆಲ್ಲ ವಾಟ್ಸಾಪ್ ಗ್ರೂಪಿಗೆ ಹೋಗುತ್ತಿದ್ದವು. ಅಲ್ಲಿ ಬೆಳಗಿನ ಗುಲಾಬಿ ಹೂವು, ಯಾರದೋ ಮಗನ ಜವಳದ ಫೋಟೋ, ಇವುಗಳ ನಡುವೆ "ಬ್ಯಾಡಗಿ ಪಾರ್ಟಿ ಬಿಲ್ಲಿನಾಗ ಹಮಾಲಿ ಎರಡು ಸಲ ಬರಾಕತ್ತೈತಿ" ಎಂಬ ಸಾಲು. ಅದರ ಕೆಳಗೆ ಎಲ್ಲರೂ ಹೆಬ್ಬೆರಳು ಎತ್ತಿರುತ್ತಿದ್ದರು. ಹೆಬ್ಬೆರಳಿನ ಅರ್ಥ "ನೋಡಿದೆ" ಎಂದಷ್ಟೇ, "ಮಾಡ್ತೀನಿ" ಎಂದಲ್ಲ. ಇದು ನಮ್ಮ ಮಾಲಕರಿಗೆ ತಿಳಿಯಲು ಬಹಳ ದಿನ ಹಿಡಿಯಿತು. ತಿಳಿದ ದಿನವೇ ಅವರು, "ಇನ್ನ ಮ್ಯಾಲೆ ಎಲ್ಲಾ ಸಿಸ್ಟಮ್ಮಿನಾಗ ಬರೀಬೇಕು. ಯಾರು, ಏನು, ಯಾವಾಗ. ಒಂದು ಟ್ರ್ಯಾಕಿಂಗ್ ಸಾಫ್ಟ್‌ವೇರ್ ಹಾಕ್ರಿ" ಅಂದರು.

ಜಿರಾ ಎಂದು ಯಾರೋ ಹೇಳಿದರು. ಅದನ್ನು ಸಣ್ಣ ಆಫೀಸಿನವರು ಸ್ವಂತ ಮಷೀನಿನಲ್ಲಿ ಇಟ್ಟುಕೊಳ್ಳುವ ಕಾಲ ಮುಗಿದಿತ್ತು. ಸರ್ವರ್ ಆವೃತ್ತಿಗೆ 2024ರ ಫೆಬ್ರವರಿಯಲ್ಲೇ ಬೆಂಬಲ ನಿಂತಿದೆ. ಕ್ಲೌಡಿನಲ್ಲಿ 10 ಜನರವರೆಗೆ ಪುಕ್ಕಟೆ. ನಾವು ಹತ್ತೇ ಜನ ಇದ್ದೆವು, ಆದರೆ ಅಕೌಂಟ್ಸ್ ಕಾಕಾ "ನಾ ಏನು ಲೆಕ್ಕಕ್ಕಿಲ್ಲೇನು?" ಎಂದು ಕನ್ನಡಕದ ಮೇಲಿಂದ ನೋಡಿದ್ದರಿಂದ ಹನ್ನೊಂದಾದೆವು. ಅದೂ ಅಲ್ಲದೆ ಕ್ಲೌಡ್ ಎಂದರೆ ಮಾಲಕರಿಗೆ ಆಗದು. "ನಮ್ಮ ಮನೀ ಜಗಳ ಇನ್ನೊಬ್ಬರ ಮನ್ಯಾಗ ಯಾಕ ಇಡೂದು? ನಮ್ಮದ ಸರ್ವರ್ ಐತಲ್ಲ!"

ಐತಿ, ಇಲ್ಲ ಅನ್ನುವುದಿಲ್ಲ. ಟ್ಯಾಲಿಗೆಂದು ತಂದ ವಿಂಡೋಸ್ ಸರ್ವರ್, ಕಾಕಾನ ಟೇಬಲ್ ಕೆಳಗೆ, ಅವರ ಚಪ್ಪಲಿಗಳ ಪಕ್ಕ. ಶುಕ್ರವಾರಕ್ಕೊಮ್ಮೆ ಅದಕ್ಕೆ ಕುಂಕುಮ ಬೀಳುತ್ತದೆ. ಖಂಡೇನವಮಿಗೆ ಚೆಂಡುಹೂವಿನ ಮಾಲೆಯನ್ನು ಸರಿಯಾಗಿ ಗಾಳಿ ಒಳಹೋಗುವ ಜಾಲರಿಗೇ ಕಟ್ಟಿರುತ್ತಾರೆ, ಮುಂದಿನ ಸಂಕ್ರಾಂತಿಯವರೆಗೂ ಫ್ಯಾನಿನಿಂದ ಒಣಗಿದ ಎಸಳು ಉದುರುತ್ತಿರುತ್ತವೆ. ಸರ್ವರ್ ಮೇಲೆ ಕಾಕಾನ ಅಧಿಕಾರ ಪೂರ್ಣವಾದದ್ದು. ಅಡ್ಮಿನ್ ಪಾಸ್‌ವರ್ಡ್ ಅವರ ಡೈರಿಯ ಕೊನೆಯ ಪುಟದಲ್ಲಿದೆ, ಗ್ಯಾಸ್ ಬುಕಿಂಗ್ ನಂಬರಿನ ಕೆಳಗೆ.

ನಾನು ಆರಿಸಿದ್ದು ಟ್ರ್ಯಾಕ್. 2004ರಿಂದ ಇರುವ ಹಳೆಯ, ಪುಕ್ಕಟೆಯ, ಪೈಥಾನಿನಲ್ಲಿ ಬರೆದ ತಂತ್ರಾಂಶ. ಡೇಟಾಬೇಸ್ ಎಂದರೆ ಎಸ್‌ಕ್ಯೂಲೈಟಿನ ಒಂದೇ ಫೈಲು. ಹಳೆಯದು ಎಂದಮೇಲೆ ಹಳೆಯ ರೋಗಗಳೂ ಇರುತ್ತವೆ. ಪೈಥಾನ್ 2ಕ್ಕೆ 2020ರ ಜನವರಿಯಲ್ಲೇ ಎಳ್ಳುನೀರು ಬಿಟ್ಟಾಗಿತ್ತು, ಪೈಥಾನ್ 3ರ ಮೇಲೆ ಓಡುವ 1.6 ಆವೃತ್ತಿ ಹೊರಬಂದದ್ದು 2023ರಲ್ಲಿ. ಹೀಗಾಗಿ ಅಂತರ್ಜಾಲದಲ್ಲಿ ಸಿಗುವ ಮಾರ್ಗದರ್ಶನದಲ್ಲಿ ಮುಕ್ಕಾಲು ಪಾಲು ಪೈಥಾನ್ 2ರ ಕಾಲದ್ದು. ಓದಿದರೆ ಎಲ್ಲ ಸರಿ ಅನಿಸುತ್ತದೆ, ಮಾಡಿದರೆ ಒಂದೂ ಆಗುವುದಿಲ್ಲ.

ಮೊದಲ ತಕರಾರು ಪೋರ್ಟಿನದು. ಪೋರ್ಟ್ ಎಂದರೆ ಒಂದೇ ಮಷೀನಿನೊಳಗೆ ಪ್ರತಿ ಪ್ರೋಗ್ರಾಮ್ ಕೂಡುವ ನಂಬರಿನ ಸೀಟು. ಟ್ರ್ಯಾಕ್ ಜೊತೆಗೇ ಬರುವ ಸಣ್ಣ ವೆಬ್ ಸರ್ವರಿಗೆ ಪೋರ್ಟ್ ಹೇಳದಿದ್ದರೆ ನೇರ 80ಕ್ಕೆ ಹೋಗಿ ಕೂಡಲು ನೋಡುತ್ತದೆ. ಅಲ್ಲಿ ಆಗಲೇ ಯಾರೋ ಇದ್ದರು. ಯಾರೆಂದು ನೆಟ್‌ಸ್ಟ್ಯಾಟ್ ಎಂಬ ಕಮಾಂಡ್ ಕೊಟ್ಟು ಕೇಳಿದರೆ ಪ್ರೋಸೆಸ್ ನಂಬರ್ 4, ಹೆಸರು ಸಿಸ್ಟಮ್. ಸಿಸ್ಟಮನ್ನೇ ಎಬ್ಬಿಸಿ ಕಳಿಸುವುದು ಹೇಗೆ? ಬಗೆದು ನೋಡಿದರೆ ಅದು ಐಐಎಸ್, ವಿಂಡೋಸಿನದೇ ವೆಬ್ ಸರ್ವರ್. ಯಾವುದೋ ಕಾಲದಲ್ಲಿ ಯಾರೋ ಹಾಕಿ ಹೋಗಿದ್ದು. ಗದಗ ಬಸ್ಸಿಗೆ ಹೊರಗಿಂದಲೇ ಟವೆಲ್ ಒಗೆದು ಸೀಟು ಹಿಡಿದು, ಆಮೇಲೆ ಬಸ್ಸನ್ನೇ ಹತ್ತದೆ ಹೋದವರ ಹಾಗೆ. ಟವೆಲ್ ತೆಗೆಯುವ ಧೈರ್ಯ ನನಗೂ ಬರಲಿಲ್ಲ, ಅದರ ಮೇಲೆ ಏನು ನಿಂತಿದೆಯೋ ಯಾರಿಗೆ ಗೊತ್ತು. 8000ಕ್ಕೆ ಹೋಗಿ ಕೂತೆವು.

ನನ್ನ ಬ್ರೌಸರಿನಲ್ಲಿ ಬಂತು, ಉಳಿದವರಿಗೆ ಬರಲಿಲ್ಲ. ಅದು ಫೈರ್‌ವಾಲ್, ಹೊರಗಿನವರನ್ನು ಬಾಗಿಲಲ್ಲೇ ತಡೆಯುವ ಕಾವಲುಗಾರ. ಒಳಬರುವ ಸಂಪರ್ಕಕ್ಕೆ ಒಂದು ರೂಲ್ ಹಾಕಿದರೆ ಮುಗಿಯಿತು, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟ್ರ್ಯಾಕ್‌ನ ಸೆಟ್ಟಿಂಗ್ ಎಲ್ಲ ಇರುವುದು ಟ್ರ್ಯಾಕ್.ಐಎನ್ಐ ಎಂಬ ಫೈಲಿನಲ್ಲಿ. ಅದನ್ನು ಇಂಟರ್ನ್ ಹುಡುಗನಿಗೆ ಒಪ್ಪಿಸಿದೆ. ಅರ್ಧ ದಿನ ತಿದ್ದಿದ, ಏನೂ ಬದಲಾಗಲಿಲ್ಲ. "ಅಣ್ಣಾ, ಇದು ನನ್ನ ಮಾತ ಕೇಳವಲ್ದು" ಎಂದು ಮುಖ ಸಪ್ಪಗೆ ಮಾಡಿದ. ನೋಟ್‌ಪ್ಯಾಡ್ ಅವನ ಕೆಲಸವನ್ನೆಲ್ಲ ಶ್ರದ್ಧೆಯಿಂದ ಟ್ರ್ಯಾಕ್.ಐಎನ್ಐ.ಟಿಎಕ್ಸ್‌ಟಿ ಎಂದು ಬೇರೆಯೇ ಫೈಲಿಗೆ ಸೇವ್ ಮಾಡುತ್ತಿತ್ತು, ವಿಂಡೋಸ್ ಅಷ್ಟೇ ಶ್ರದ್ಧೆಯಿಂದ ಆ ಬಾಲವನ್ನು ಬಚ್ಚಿಟ್ಟು ತೋರಿಸುತ್ತಿತ್ತು. ಫೈಲಿನ ಬಾಲ ಮುಚ್ಚಿಡುವುದರಿಂದ ಯಾರಿಗೆ ಏನು ಉಪಕಾರವಾಗಿದೆಯೋ ನಾನಂತೂ ಕಂಡಿಲ್ಲ.

ಇಷ್ಟಾದರೂ ಟ್ರ್ಯಾಕ್ ಓಡುತ್ತಿದ್ದುದು ಸರ್ವರಿನ ಪರದೆಯ ಮೇಲೆ ತೆರೆದಿಟ್ಟ ಕಮಾಂಡ್ ಪ್ರಾಂಪ್ಟ್ ಕಿಟಕಿಯಲ್ಲಿ. ಆ ಪರದೆ ಕಾಕಾನದು. ಬೆಳಿಗ್ಗೆ ಬಂದ ಕಾಕಾ ಅಗರಬತ್ತಿ ಹಚ್ಚಿ, ಟ್ಯಾಲಿ ತೆರೆಯುವ ಮುನ್ನ ಆ ಕಿಟಕಿಯ ಮೂಲೆಯ ಗುಣಾಕಾರ ಚಿಹ್ನೆ ಒತ್ತುತ್ತಿದ್ದರು. "ಮುಂಜಾನೆದ್ದು ಕರೀ ಪರದೆ ಯಾರು ನೋಡ್ತಾರಪಾ?" ಮುಚ್ಚಬೇಡಿ ಎಂದು ಕೈಮುಗಿದು ಹೇಳಿದೆ. ಮುಚ್ಚುವುದು ಬಿಟ್ಟರು, ಸರಿಸಲು ಶುರು ಮಾಡಿದರು. ಸರಿಸುವಾಗ ಒಮ್ಮೊಮ್ಮೆ ಕಿಟಕಿಯ ನಡುವೆ ಕ್ಲಿಕ್ ಬೀಳುತ್ತಿತ್ತು. ಬಿದ್ದ ಕೂಡಲೇ ಮೇಲಿನ ಪಟ್ಟಿಯಲ್ಲಿ ಸೆಲೆಕ್ಟ್ ಎಂಬ ಪದ ಬಂದು, ಒಂದು ಬಿಳಿ ಚೌಕ ಮೂಡಿ, ಇಡೀ ಟ್ರ್ಯಾಕ್ ಅಲ್ಲೇ ಗಪ್. ಕ್ವಿಕ್ ಎಡಿಟ್ ಎಂಬ ಸೌಲಭ್ಯವದು. ಅಕ್ಷರ ಆರಿಸಿಕೊಳ್ಳಲಿ ಎಂದು ವಿಂಡೋಸ್ ಬರವಣಿಗೆಯನ್ನು ತಡೆದು ನಿಲ್ಲಿಸುತ್ತದೆ, ಬರೆಯಲಾಗದ ಪ್ರೋಗ್ರಾಮ್ ಕಾಯುತ್ತ ನಿಲ್ಲುತ್ತದೆ, ಪ್ರೋಗ್ರಾಮಿಗಾಗಿ ನಾವೆಲ್ಲ ಕಾಯುತ್ತೇವೆ. ಎರರ್ ಇಲ್ಲ, ಲಾಗ್ ಇಲ್ಲ. ಮೇಲೆ ಕೂತ ನಾವು ನೆಟ್‌ವರ್ಕ್ ಕೇಬಲ್ ಕಿತ್ತು ಹಾಕುವಷ್ಟರಲ್ಲಿ ಕಾಕಾ ಯಾವುದೋ ಕಾರಣಕ್ಕೆ ಎಂಟರ್ ಒತ್ತುತ್ತಿದ್ದರು, ಎಲ್ಲವೂ ದಿಗ್ಗನೆ ಜೀವ ಪಡೆಯುತ್ತಿತ್ತು. ಕೇಬಲ್ಲಿನದೇ ದೋಷ ಎಂದು ನಮ್ಮ ಟೆಸ್ಟಿಂಗ್ ಅಕ್ಕ ಇವತ್ತಿಗೂ ವಾದಿಸುತ್ತಾಳೆ.

ಕಿಟಕಿಯೇ ಬೇಡ ಎಂದು ಟ್ರ್ಯಾಕನ್ನು ವಿಂಡೋಸ್ ಸರ್ವಿಸ್ ಮಾಡಿದೆ. ಸರ್ವಿಸ್ ಆದರೆ ಯಾರೂ ಲಾಗಿನ್ ಆಗದಿದ್ದರೂ ಓಡುತ್ತದೆ, ಕರೆಂಟ್ ಹೋಗಿ ಬಂದರೆ ತಾನೇ ಏಳುತ್ತದೆ. ಎದ್ದಿತು ಕೂಡ. ಆದರೆ ಗಿಟ್ ರೆಪೊಸಿಟರಿ, ಅಂದರೆ ನಮ್ಮ ಕೋಡ್ ಮತ್ತು ಅದರ ಬದಲಾವಣೆಗಳನ್ನೆಲ್ಲ ಇಟ್ಟ ಜಾಗ, ಸಿಗುತ್ತಿಲ್ಲ ಎಂದಿತು. ರೆಪೊಸಿಟರಿ ಇದ್ದದ್ದು ಝಡ್ ಡ್ರೈವಿನಲ್ಲಿ, ಅಂದರೆ ಇನ್ನೊಂದು ಮಷೀನಿನ ಫೋಲ್ಡರನ್ನು ಮ್ಯಾಪ್ ಮಾಡಿದ್ದು. ಕೈಯಿಂದ ಓಡಿಸಿದರೆ ಸಿಗುತ್ತದೆ, ಸರ್ವಿಸ್ ಆಗಿ ಓಡಿದರೆ ಸಿಗುವುದಿಲ್ಲ. ಮ್ಯಾಪ್ ಮಾಡಿದ ಡ್ರೈವ್ ಆಯಾ ಲಾಗಿನ್ನಿಗೆ ಮಾತ್ರ ಸೇರಿದ್ದು. ಸರ್ವಿಸ್ ಓಡುವುದು ಲೋಕಲ್ ಸಿಸ್ಟಮ್ ಎಂಬ ಖಾತೆಯಲ್ಲಿ, ಅದರ ಪ್ರಪಂಚದಲ್ಲಿ ಝಡ್ ಎಂಬುದು ಹುಟ್ಟೇ ಇಲ್ಲ. ಇದನ್ನು ಮಾಲಕರಿಗೆ ವಿವರಿಸಿದಾಗ ಅವರು ಬಹಳ ಹೊತ್ತು ಯೋಚಿಸಿ, "ಅಂದ್ರ ಸಿಸ್ಟಮ್ಮಿಗೆ ಸಿಸ್ಟಮ್ಮಿನಾಗಿಂದ ಕಾಣಂಗಿಲ್ಲ" ಅಂದರು. ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ರೆಪೊಸಿಟರಿಯನ್ನು ಸರ್ವರಿನ ಡಿ ಡ್ರೈವಿಗೇ ತಂದಿಟ್ಟೆವು.

ಟ್ರ್ಯಾಕ್ ಎದ್ದು ನಿಂತಿತು. ಎಲ್ಲರೂ ಟಿಕೆಟ್ ಬರೆಯಲು ಶುರು ಮಾಡಿದರು, ಒಂದು ದೂರಿಗೆ ಒಂದು ಟಿಕೆಟ್. ಆದ್ಯತೆಯಲ್ಲಿ ಕೆಲಸವನ್ನೇ ನಿಲ್ಲಿಸುವ ಬ್ಲಾಕರ್‌ನಿಂದ ಕ್ಷುಲ್ಲಕ ಎನ್ನುವ ಟ್ರಿವಿಯಲ್‌ವರೆಗೆ ಐದು ಮೆಟ್ಟಿಲು. ಮಾಲಕರಿಗೆ ಮೊದಲನೆಯದು ಮಾತ್ರ ಕಾಣುತ್ತಿತ್ತು, ನೀರಿನ ಕ್ಯಾನ್ ಬಂದಿಲ್ಲ ಎಂಬುದೂ ಬ್ಲಾಕರ್. ಟಿಕೆಟ್ ಮುಚ್ಚುವಾಗ ಕಾರಣ ಆರಿಸಬೇಕು. ಫಿಕ್ಸ್‌ಡ್, ಇನ್‌ವ್ಯಾಲಿಡ್, ವೋಂಟ್‌ಫಿಕ್ಸ್, ಡೂಪ್ಲಿಕೇಟ್, ಕೊನೆಗೆ ವರ್ಕ್ಸ್‌ಫಾರ್‌ಮಿ. ನನ್ನ ಮಷೀನಿನಾಗ ನಡೀತೈತಿ ಎಂಬ ನಮ್ಮವರ ನಿತ್ಯದ ಮಾತನ್ನು ಯಾವ ದೇಶದಲ್ಲೋ ಕೂತು ಬರೆದವರು ಅಧಿಕೃತವಾಗಿ ಸೇರಿಸಿಟ್ಟಿದ್ದರು. ನಮ್ಮ ಹುಡುಗರಿಗೆ ಉಳಿದ ನಾಲ್ಕೂ ಕಾಣದಾದವು.

ಟ್ರ್ಯಾಕ್ ಹೊಸದಾಗಿ ಹಾಕಿದಾಗ ಕಾಂಪೊನೆಂಟ್1, ಕಾಂಪೊನೆಂಟ್2 ಎಂಬ ಎರಡು ವಿಭಾಗಗಳು ತಾವಾಗಿಯೇ ಇರುತ್ತವೆ. ಅವುಗಳ ಯಜಮಾನನ ಜಾಗದಲ್ಲಿ 'ಸಂಬಡಿ', ಅಂದರೆ ಯಾರೋ ಒಬ್ಬರು, ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತದೆ, ಆಮೇಲೆ ಹೆಸರು ಬದಲಿಸಿಕೊಳ್ಳಲಿ ಎಂದು. ನಮ್ಮಲ್ಲಿ ಬದಲಿಸುವುದು ಯಾರ ಕೆಲಸ ಎಂದು ತೀರ್ಮಾನವಾಗಿರಲಿಲ್ಲ. ಹೀಗಾಗಿ ಬಂದ ಟಿಕೆಟೆಲ್ಲ ಸಂಬಡಿಯ ಹೆಸರಿಗೆ. ವಿಚಿತ್ರವೆಂದರೆ ಯಾರೂ ತಕರಾರು ತೆಗೆಯಲಿಲ್ಲ. ಆಫೀಸಿನಲ್ಲಿ ಅಂಥ ಶಾಂತಿ ನಾನು ಹಿಂದೆ ಕಂಡಿರಲಿಲ್ಲ.

ಫೋನ್ ಎತ್ತುವ ಹೊಸ ಹುಡುಗಿಗೆ ಬ್ಯಾಡಗಿಯ ಸಾಹುಕಾರರು ಹಮಾಲಿಯದು ಏನಾಯಿತೆಂದು ಕೇಳಿದರು. ಅವಳು ಪರದೆ ನೋಡಿ, "ಸಂಬಡಿ ಹತ್ರ ಐತ್ರಿ" ಅಂದಳು. ಮರುವಾರವೂ ಅದೇ ಉತ್ತರ. ಸಾಹುಕಾರರು, "ಹಂಗಾರ ಸಂಬಡಿ ಅವ್ರಿಗೆ ಫೋನ್ ಕೊಡ್ರಿ" ಎಂದು ಹಟ ಹಿಡಿದರು. ಅವಳು ಗಾಬರಿಯಾಗಿ ಊಟಕ್ಕೆ ಹೋಗಿದ್ದಾರೆ ಎಂದುಬಿಟ್ಟಳು. ಸಾಹುಕಾರರು ನೇರ ಮಾಲಕರಿಗೆ ಹಚ್ಚಿದರು. "ನಿಮ್ಮಲ್ಲೆ ಆ ಸಂಬಡಿ ಅಂತ ಒಬ್ಬಾಂವ ಅದಾನಲ್ರಿ, ಬಾಳ ಮೈಗಳ್ಳ. ಯಾವಾಗ ಕೇಳಿದ್ರೂ ಊಟಕ್ಕ."

ಮಾಲಕರು ಮೆಟ್ಟಿಲು ಹತ್ತಿ ಬಂದರು. "ಯಾರಲೇ ಅದು ಸಂಬಡಿ? ನಾ ಯಾವಾಗ ತಗೊಂಡೆ ಅವನ್ನ?"

ಕಾಕಾ ಶಾಂತವಾಗಿ, "ಪಗಾರ ಪತ್ರದಾಗಂತೂ ಇಲ್ರೀ" ಅಂದರು. "ಅಡ್ಡಹೆಸರು ನೋಡಿದ್ರ ಬೈಲಹೊಂಗಲ ಕಡೆಯವ್ರು ಇರಬೇಕು."

ವಿಷಯ ತಿಳಿದ ಮೇಲೆ ಮಾಲಕರು ಅಲ್ಲೇ ನಿಂತು ಸಂಬಡಿಯ ಟಿಕೆಟುಗಳನ್ನು ಒಬ್ಬೊಬ್ಬರ ಹೆಸರಿಗೆ ಹಂಚಿಸಿದರು. ಹಮಾಲಿಯದು ನನ್ನ ಪಾಲಿಗೆ ಬಂತು. ಟ್ರ್ಯಾಕ್‌ನ ಟೈಮ್‌ಲೈನಿನಲ್ಲಿ ಕೋಡ್ ಬದಲಾವಣೆಗಳನ್ನು ಹಿಂದಕ್ಕೆ ಜರುಗಿಸುತ್ತ ಹೋದರೆ, ವಾಟ್ಸಾಪ್ ಕಾಲದಲ್ಲಿ "ಹಮಾಲಿ ಸೇರಿಸ್ರಿ" ಎಂಬ ಒಂದೇ ಸಾಲನ್ನು ಇಬ್ಬರು ಓದಿ, ಇನ್ನೊಬ್ಬ ಮಾಡುವುದಿಲ್ಲ ಎಂಬ ಭರವಸೆಯಲ್ಲಿ ಇಬ್ಬರೂ ಸೇರಿಸಿದ್ದರು. ಒಬ್ಬ ಚೀಲದ ಲೆಕ್ಕದಲ್ಲಿ, ಇನ್ನೊಬ್ಬ ಒಟ್ಟು ಮೊತ್ತದಲ್ಲಿ. ಒಂದನ್ನು ಅಳಿಸಿದೆ.

ಹದಿನೈದು ದಿನದ ಮೇಲೆ ಸಾಹುಕಾರರು ಹುಬ್ಬಳ್ಳಿಗೆ ಬಂದವರು ಆಫೀಸಿಗೂ ಬಂದರು. ಕೈಯಲ್ಲಿ ಒಂದು ಚೀಲ ಬ್ಯಾಡಗಿ ಮೆಣಸಿನಕಾಯಿ, ಗಾಢ ಕೆಂಪು, ಸುಕ್ಕು ಸುಕ್ಕು, ಖಾರಕ್ಕಿಂತ ಬಣ್ಣ ಜಾಸ್ತಿ ಇರುವ ಅಸಲಿ ಮಾಲು. "ಸಂಬಡಿ ಅವ್ರೆಲ್ಲಿ? ಸಿಟ್ಟಿನಾಗ ಏನೇನೋ ಅಂದ್ನಿ. ಇದನ್ನ ಅವ್ರ ಕೈಯಾಗ ಕೊಡಬೇಕು."

ನಾನು ಬಾಯಿ ತೆರೆಯುವ ಮೊದಲೇ ಕಾಕಾ ಎದ್ದು ನಿಂತಿದ್ದರು. "ಅವ್ರು ಇವತ್ತ ರಜಾ ಇದ್ದಾರ್ರೀ. ಇಲ್ಲಿಡ್ರಿ, ನಾ ಮುಟ್ಟಸ್ತೀನಿ."

ಮಧ್ಯಾಹ್ನ ಇಂಟರ್ನ್ ಹುಡುಗ ಒಂದು ಟಿಕೆಟ್ ತೆರೆದ. ವಿಷಯ: ಮೆಣಸಿನಕಾಯಿ ಸಮಪಾಲು ಹಂಚಿಕೆ. ಆದ್ಯತೆ: ಬ್ಲಾಕರ್. ಸಂಜೆಯೊಳಗೆ ಕಾಕಾ ಅದನ್ನು ಮುಚ್ಚಿದ್ದರು. ಕಾರಣದ ಜಾಗದಲ್ಲಿ ವರ್ಕ್ಸ್‌ಫಾರ್‌ಮಿ.